ಮೂಗಿಗೆ ಹಿಡಿದ ಔಷಧಿ

ಕೋಪ ಮೂಗಿನ ತುದಿಯಲ್ಲಿರುತ್ತದೆ ಅನ್ನುತ್ತಾರಲ್ಲ, ನಮ್ಮಮ್ಮ ಕದಿರಮ್ಮನಿಗೆ ಅದು ಅಲ್ಲೇ ಇರುತ್ತಿತ್ತು. ಬೆಳಗ್ಗೆ ನಲ್ಲಿಯ ಮುಂದೆ ಕೊಡ ಇಟ್ಟ ಹೊತ್ತಿನಿಂದ ಒಲೆ ಆರಿಸುವವರೆಗೆ ಅವಳ ಬಾಯಿಗೆ ಬಿಡುವಿರಲಿಲ್ಲ. ಕೆ.ಜಿ.ಎಫ್.ನ ಕೋರಮಂಡಲ್‌ನಲ್ಲಿ ಗಣಿ ಕೆಲಸಗಾರರಿಗೆ ಕಟ್ಟಿದ ನಮ್ಮ ಲೈನ್ ಮನೆಗಳ ಗೋಡೆ ಬಲು ತೆಳು. ಅಮ್ಮ ನನ್ನನ್ನು ಬೈದರೆ ನಾಲ್ಕನೇ ಮನೆಯ ಮಕ್ಕಳು ಪುಸ್ತಕ ಹಿಡಿದು ಓದಲು ಕೂರುತ್ತಿದ್ದವು. ಇಂಥವಳಿಗೆ ಕಾಯಿಲೆಯವರ ಸೇವೆ ಮಾಡುವ ಕೆಲಸ ಕೊಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಅವನಿಗೊಂದು ದೊಡ್ಡ ನಮಸ್ಕಾರ.

ಅವಳು ಆಯಾ ಆಗಿದ್ದದ್ದು ಒಂದು ಮಿಲ್ಲಿನ ಔಷಧಿ ಕೋಣೆಯಲ್ಲಿ. ಗಣಿಯಿಂದ ಮೇಲೆ ಬಂದ ಕಲ್ಲನ್ನು ಆ ಮಿಲ್ಲಿನಲ್ಲಿ ಪುಡಿಮಾಡಿ ಚಿನ್ನ ತೆಗೆಯುತ್ತಿದ್ದರು. ಔಷಧಿ ಕೋಣೆ ಅಂದರೆ ಒಂದು ಮಂಚ, ಒಂದು ಬೆಂಚು, ಸೂಜಿ ಕುದಿಸುವ ಸ್ಟೌವು, ಬಾಟಲಿಗಳ ಬೀರು, ಅಷ್ಟೇ. ಗಾಯ ಕಟ್ಟಿ ಸೂಜಿ ಹಾಕುವವರು ಡ್ರೆಸ್ಸರ್ ಕುಪ್ಪುಸ್ವಾಮಿ. ಡಾಕ್ಟರು ದೊಡ್ಡ ಆಸ್ಪತ್ರೆಯಿಂದ ದಿನಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದರು. ಅಮ್ಮನ ಪಾಲಿಗೆ ಕಸ ಗುಡಿಸುವುದು, ಬ್ಯಾಂಡೇಜು ಒಗೆಯುವುದು, ಸೂಜಿ ಕುದಿಸುವುದು, ಸೂಜಿ ಕಂಡು ಓಡುವವರನ್ನು ಹಿಡಿದು ಮಲಗಿಸುವುದು. ಈ ಕೊನೆಯ ಕೆಲಸದಲ್ಲಿ ಅವಳಿಗೆ ಸರಿಸಾಟಿ ಇಡೀ ಕೆ.ಜಿ.ಎಫ್.ನಲ್ಲೇ ಇರಲಿಲ್ಲ. ಗಣಿಯ ಕತ್ತಲಿಗೆ ಹೆದರದ ಗಂಡಸರು ಅವಳ ಕೈಗೆ ಸಿಕ್ಕಿ ಮಕ್ಕಳಂತೆ ಬೋರಲು ಮಲಗುತ್ತಿದ್ದರು.

ಅಮ್ಮನ ತವರು ಕಾಮಸಮುದ್ರದ ಕಡೆಯ ಒಂದು ಹಳ್ಳಿ. ಅಲ್ಲಿ ತಲೆ ನೋವಾದರೆ ಶುಂಠಿ ತೇದು ಹಣೆಗೆ ಪಟ್ಟು, ಕಾಲು ಉಳುಕಿದರೆ ಹುಣಿಸೆಹಣ್ಣು ಉಪ್ಪು ಬಿಸಿಮಾಡಿ ಕಾಲಿಗೆ ಪಟ್ಟು, ಕಿವಿ ನೋವಾದರೆ ಬೆಳ್ಳುಳ್ಳಿ ಎಣ್ಣೆ ಕಿವಿಗೆ. ನೋವು ಎಲ್ಲೋ ಮದ್ದು ಅಲ್ಲಿಗೇ. ಹಾಗಾಗಿ ಮಿಲ್ಲಿನ ಔಷಧಿ ಕೋಣೆಗೆ ಸೇರಿದ ಹೊಸದರಲ್ಲಿ ಅವಳಿಗೆ ಅಲ್ಲಿನ ವ್ಯವಹಾರ ತಲೆಬುಡ ತಿಳಿಯಲಿಲ್ಲ.

"ತಲೆ ನೋವು ಅಂತ ಬತ್ತಾರೆ, ನುಂಗಾಕೆ ಮಾತ್ರೆ ಕೊಡ್ತಾರೆ. ಕೆಮ್ಮು ಅಂತ ಬತ್ತಾರೆ, ತಿಕಕ್ಕೆ ಸೂಜಿ ಆಕ್ತಾರೆ. ಇದ್ಯಾವ ನ್ಯಾಯ ಕಣೇ?" ಎಂದು ಮನೆಗೆ ಬಂದು ನನ್ನನ್ನೇ ಕೇಳುತ್ತಿದ್ದಳು. ನಾನು ಆಗ ಇನ್ನೂ ಲಂಗ ಉಡುತ್ತಿದ್ದ ಹುಡುಗಿ, ನನಗೇನು ಗೊತ್ತು?

ಒಂದು ದಿನ ಕುಪ್ಪುಸ್ವಾಮಿ ಊಟಕ್ಕೆ ಹೋಗಿದ್ದಾಗ ಕೋದಂಡಪ್ಪ ಎಂಬ ಮುದುಕ ತಲೆ ಹಿಡಿದುಕೊಂಡು ಬಂದ. ಅಮ್ಮ ಬೀರು ತೆಗೆದು ತಲೆನೋವಿನ ಮಾತ್ರೆ ಹುಡುಕಿದಳು. ಅದನ್ನು ಬಾಯಿಗೆ ಕೊಟ್ಟಳೇ? ಇಲ್ಲ. ನೀರು ಹಾಕಿ ನುಣ್ಣಗೆ ಅರೆದು ಅವನ ಹಣೆಗೆ ಹಚ್ಚಿದಳು. ತಣ್ಣಗಾಯಿತೋ ಏನೋ, ಕೋದಂಡಪ್ಪ ಕೈ ಮುಗಿದು ಹೋದ. ಮುಂದಿನ ವಾರ ಹೊಟ್ಟೆ ನೋವು ಅಂತ ಮತ್ತೆ ಬಂದು, "ಡ್ರೆಸ್ಸರ್ ಬ್ಯಾಡ, ಕದಿರಮ್ಮನೇ ಅಚ್ಚಲಿ" ಎಂದು ಹಟ ಹಿಡಿದ. ಕುಪ್ಪುಸ್ವಾಮಿ ಒಳಗೆ ಬಂದು ನೋಡುತ್ತಾರೆ: ಮುದುಕ ಮಂಚದ ಮೇಲೆ ಅಂಗಾತ ಮಲಗಿದ್ದಾನೆ, ಹೊಟ್ಟೆ ತುಂಬ ಬೆಳ್ಳಗೆ ಮಾತ್ರೆಯ ಪಟ್ಟು, ಪಕ್ಕದಲ್ಲಿ ಅಮ್ಮ ಬೀಸಣಿಗೆಯಿಂದ ಗಾಳಿ ಹಾಕಿ ಒಣಗಿಸುತ್ತಿದ್ದಾಳೆ. ಕುಪ್ಪುಸ್ವಾಮಿ ಬೆಂಚು ಹಿಡಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ಮುಗಿದ ಮೇಲೆ ಅವರು ಅಮ್ಮನನ್ನು ಕೂರಿಸಿ ವಿವರಿಸಿದರು. ಅವರ ಮನೆಮಾತು ತಮಿಳು, ಆದರೂ ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು.

"ಇಲ್ಲಿ ಕೇಳಮ್ಮಾ. ಔಷಧಿ ಯಾವುದಾದ್ರೂ ಮೊದಲು ರಕ್ತಕ್ಕೆ ಸೇರ್ಬೇಕು. ರಕ್ತ ಅದನ್ನ ಎಲ್ಲಾ ಕಡೆಗೂ ತಗೊಂಡು ಹೋಗ್ತದೆ. ಒಳಗಿಳಿಯೋ ಬಾಗಿಲು ಮಾತ್ರ ಬೇರೆ ಬೇರೆ. ಬಾಯಲ್ಲಿ ನುಂಗಿದ್ದು ಗಣಿಗೆ ಏಣಿ ಮೇಲೆ ಇಳಿದ ಹಾಗೆ, ನಿಧಾನ. ಸೂಜಿ ಅಂದ್ರೆ ಹಗ್ಗಕ್ಕೆ ನೇತಾಡೋ ಕೇಜಲ್ಲಿ ಇಳಿದ ಹಾಗೆ, ಬೇಗ. ನರಕ್ಕೆ ಸೂಜಿ ಹಾಕಿದ್ರೆ..."

"ಕೇಜಿನ ಅಗ್ಗ ಕಿತ್ಕೊಂಡಂಗಾ?"

"ಅಯ್ಯೋ ಮುರುಗಾ! ಹಾಂ, ಅಷ್ಟು ಬೇಗ ಅಂತ ಇಟ್ಕೋ."

ಅವತ್ತಿನಿಂದ ನಮ್ಮಮ್ಮನಿಗೆ ಹುಚ್ಚೇ ಹಿಡಿಯಿತು. ನೀರು ಹಿಡಿಯುವ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಪಾಠ ಶುರು. "ನಮ್ಮ ಮೈಗೆ ಎಷ್ಟು ಬಾಗ್ಲು ಐತೆ ಗೊತ್ತೇನ್ರೇ?" ಕಣ್ಣಿಗೆ ಹನಿ ಬಿಡುವುದು ಒಂದು ಬಾಗಿಲಂತೆ, ಕಿವಿಯದು ಇನ್ನೊಂದಂತೆ. ಎದೆ ನೋವಿನ ಒಬ್ಬ ಮೇಸ್ತ್ರಿಗೆ ಡಾಕ್ಟರು ಸಾಸಿವೆಯಷ್ಟು ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡಿಸಿದ್ದನ್ನು ಕಂಡು ಬಂದ ದಿನವಂತೂ ಅವಳು ಊಟವನ್ನೇ ಮರೆತಳು. "ನುಂಗೂ ಇಲ್ಲ, ಅಗಿಯೂ ಇಲ್ಲ, ನಾಲ್ಗೆ ಕೆಳ್ಗೆ ಸುಮ್ಕೆ ಇಟ್ಕಂಡ. ಅಲ್ಲೇ ಕರಗಿ ಅಲ್ಲಿಂದ್ಲೇ ಒಂಟೋಯ್ತದಂತೆ!" ಹಿಂಬಾಗಿಲ ವಿಷಯ ಬಂದಾಗ, ಅಂದರೆ ಮಲ ಕಟ್ಟಿದವರಿಗೆ ರಬ್ಬರ್ ಕೊಳವೆಯಲ್ಲಿ ಕೊಡುವ ಎನಿಮಾದ ವಿಷಯ ಬಂದಾಗ, ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅಮ್ಮ ಮಾತ್ರ ನಗುತ್ತಿರಲಿಲ್ಲ. "ನಗ್ರೇ, ನಗ್ರೇ. ನಿಮ್ಗೆ ಬಂದಾಗ ಗೊತ್ತಾಯ್ತದೆ" ಎಂದು ಕೊಡ ಎತ್ತಿಕೊಂಡು ಬರುತ್ತಿದ್ದಳು.

ಒಂದೇ ಒಂದು ಬಾಗಿಲನ್ನು ಮಾತ್ರ ಅವಳು ಒಪ್ಪಲಿಲ್ಲ. ಅದು ಮೂಗು.

ಮಿಲ್ಲಿನ ಒಂದು ಭಾಗದಲ್ಲಿ ಪುಡಿ ಕಲ್ಲನ್ನು ಸೈನೈಡ್ ನೀರಿಗೆ ಬಿಡುತ್ತಿದ್ದರು. ಚಿನ್ನವನ್ನೇ ಕರಗಿಸುವ ವಿಷ ಅದು. ಮನುಷ್ಯನ ಹೊಟ್ಟೆಗೆ ಸ್ವಲ್ಪ ಹೋದರೂ ಕತೆ ಮುಗಿಯಿತು. ಅದಕ್ಕಾಗಿ ಆ ಭಾಗದ ಗೋಡೆಗೆ ಒಂದು ಪೆಟ್ಟಿಗೆ ಹಾಕಿದ್ದರು. ಅದರೊಳಗೆ ಬಟ್ಟೆ ಸುತ್ತಿದ ಸಣ್ಣ ಸಣ್ಣ ಗಾಜಿನ ಬುಡ್ಡಿಗಳು. ಯಾರಾದರೂ ವಿಷವೇರಿ ಬಿದ್ದರೆ ಬುಡ್ಡಿಯನ್ನು ಕರವಸ್ತ್ರದಲ್ಲಿಟ್ಟು ಹಿಸುಕಿ ಒಡೆದು ಮೂಗಿಗೆ ಹಿಡಿಯಬೇಕು, ಡಾಕ್ಟರು ಬಂದು ನರಕ್ಕೆ ಔಷಧಿ ಹಾಕುವವರೆಗೆ ಜೀವ ಹಿಡಿದು ನಿಲ್ಲಿಸುವುದು ಅದೇ ಎಂದು ಕುಪ್ಪುಸ್ವಾಮಿ ಕೆಲಸಗಾರರಿಗೆ ಆಗಾಗ ಹೇಳಿಕೊಡುತ್ತಿದ್ದರು. ಎಲ್ಲರೂ ತಲೆಯಾಡಿಸಿ ಹೊರಗೆ ಬಂದು ನಗುತ್ತಿದ್ದರು. ಸೂಜಿ ಹಾಕದ ಡಾಕ್ಟರನ್ನು ಡಾಕ್ಟರೇ ಅಲ್ಲ ಅನ್ನುವ ಜನ, ಮೂಸುವ ಔಷಧಿಯನ್ನು ನಂಬುತ್ತಾರೆಯೇ?

"ಮೂಸಿದ್ರೆ ಒಟ್ಟೆ ತುಂಬ್ತದಾ ಸಾಮಿ?" ಎಂದು ಅಮ್ಮ ಕುಪ್ಪುಸ್ವಾಮಿಯನ್ನು ಎದುರಿಗೇ ಕೇಳಿದಳು.

ಉತ್ತರ ಸಿಕ್ಕಿದ್ದು ಬೀರು ಒರೆಸುವಾಗ. ಅಲ್ಲಿಟ್ಟಿದ್ದ ಒಂದು ಬುಡ್ಡಿ ಅವಳ ಕೈಯಲ್ಲೇ ಹಿಸುಕಿಹೋಗಿ ಕೊಳೆತ ಹಣ್ಣಿನಂಥ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅಷ್ಟೇ. ಮುಖವೆಲ್ಲ ಕೆಂಡವಾಯಿತು, ಎದೆ ಮಿಲ್ಲಿನಲ್ಲಿ ಕಲ್ಲು ಕುಟ್ಟುವ ಗುಂಡುಗಳ ಹಾಗೆ ಗುದ್ದತೊಡಗಿತು, ಕೋಣೆ ತಿರುಗಿತು. ಅಮ್ಮ ಪೊರಕೆಯ ಸಮೇತ ನೆಲಕ್ಕೆ ಕುಸಿದಳು. ಕುಪ್ಪುಸ್ವಾಮಿ ಓಡಿ ಬಂದು ಕಿಟಕಿ ತೆರೆದು, ಅವಳನ್ನು ಮಲಗಿಸಿ ಕಾಲು ಎತ್ತರಕ್ಕಿಟ್ಟರು. "ಹೆದರಬೇಡಮ್ಮಾ, ಔಷಧಿ ರಕ್ತನಾಳ ಅಗಲ ಮಾಡ್ತದೆ, ತಲೆ ಸುತ್ತುತ್ತೆ. ಈಗ ಹೋಗ್ಬಿಡ್ತದೆ" ಎಂದರು. ಹಾಗೇ ಆಯಿತು. ಸ್ವಲ್ಪ ಹೊತ್ತಿಗೆ ಎದ್ದು ಕೂತು, ಪೊರಕೆ ಎಲ್ಲಿ ಅಂದಳು.

ಸಂಜೆ ಮನೆಗೆ ಬಂದವಳ ಕಣ್ಣು ಹೊಳೆಯುತ್ತಿತ್ತು. "ಕುಡೀಲಿಲ್ಲ, ಚುಚ್ಚಿಸ್ಕಳ್ಳಿಲ್ಲ. ಕಣ್ಣು ಮುಚ್ಚಿ ಬಿಡೋದ್ರಾಗೆ ತಲೇಗೇರ್ತು ಕಣೇ! ಮೂಗು ಬಾಗ್ಲಲ್ಲ, ಕಿಟ್ಕಿ. ಬಾಗ್ಲಾದ್ರೆ ಯಾರಾನ ತಟ್ಟಬೇಕು. ಕಿಟ್ಕೀಲಿ ಗಾಳಿ ಕೇಳ್ದೆ ನುಗ್ತದೆ!"

ಈಗ ನಮ್ಮ ಮಾವ ಜಯರಾಮಪ್ಪನ ವಿಷಯಕ್ಕೆ ಬರಬೇಕು. ಅವನು ಅಮ್ಮನ ಒಬ್ಬನೇ ತಮ್ಮ, ಅವಳ ಸೊಂಟದ ಮೇಲೆ ಬೆಳೆದವನು. ಊರಿನಲ್ಲಿ ಹೊಲ ಇಷ್ಟೇ ಇಷ್ಟು, ಕೂಲಿ ಸಿಕ್ಕಿದರೆ ಸಿಕ್ಕಿತು. ಅಮ್ಮ ಮೇಸ್ತ್ರಿಯ ಬೆನ್ನು ಬಿದ್ದು ಅವನಿಗೆ ಮಿಲ್ಲಿನಲ್ಲೇ ಕೆಲಸ ಕೊಡಿಸಿದಳು. ಸಿಕ್ಕಿದ್ದು ಸೈನೈಡ್ ವಿಭಾಗದಲ್ಲಿ. ನಮ್ಮಜ್ಜಿ ಅಮ್ಮಾಜಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ತಮ್ಮನನ್ನು ಕರೆತರಲು ಅಮ್ಮ ನನ್ನನ್ನೂ ಕಟ್ಟಿಕೊಂಡು ಊರಿಗೆ ಹೋದ ದಿನ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ವಿಸದ ಮನೇಗೆ ಕರ್ಕೊಂಡೋಯ್ತಿದೀಯ. ನಿನ್ನ ಮಾತ್ನ ಮ್ಯಾಲೆ ಕಳಿಸ್ತಿದೀನಿ. ನನ್ನ ಮಗಂಗೆ ಏನಾನ ಆದ್ರೆ ನಿನ್ನ ಮೊಕ ನೋಡಲ್ಲ ಕದಿರಿ." ಅಜ್ಜಿ ಸುಮ್ಮನೆ ಹೆದರಿಸುವ ಹೆಂಗಸಲ್ಲ. ಅಮ್ಮನಿಗೆ ಕೋಪ ಎಲ್ಲಿಂದ ಬಂತು ಅಂದುಕೊಂಡಿರಿ?

ಮಾವ ಒಳ್ಳೆಯ ಕೆಲಸಗಾರ, ಆದರೆ ಹೊಗೆಸೊಪ್ಪಿನ ದಾಸ. ಸೈನೈಡ್ ನೀರಿನ ಜೊತೆಗೆ ಸುಣ್ಣವೂ ಬೇಕಾಗುತ್ತಿದ್ದರಿಂದ ಆ ವಿಭಾಗದಲ್ಲಿ ಸುಣ್ಣದ ರಾಶಿಯೇ ಇತ್ತು. ಹೀಗಿರುವಾಗ ಯಾವ ಗಂಡಸು ಅಂಗಡಿಯಲ್ಲಿ ಸುಣ್ಣ ಕೊಳ್ಳುತ್ತಾನೆ? ರಾಶಿಯಿಂದ ಚಿಟಿಕೆ ತೆಗೆದು ಅಂಗೈಯಲ್ಲಿ ಹೊಗೆಸೊಪ್ಪಿನ ಜೊತೆ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವುದು ಅಲ್ಲಿನವರ ರೂಢಿ. ಒಳಗೆ ಏನೂ ತಿನ್ನಬಾರದು, ಕೈಗವಸು ಬಿಚ್ಚಿದ ಕೂಡಲೇ ಸೋಪು ಹಾಕಿ ಕೈ ತೊಳೆಯಬೇಕು ಎಂಬ ನಿಯಮ ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದಿತ್ತು. ಮಾವನಿಗೆ ಮೂರೂ ಭಾಷೆ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಕೇಳಿಸಿಕೊಂಡಿದ್ದನ್ನಾದರೂ ಪಾಲಿಸಬಹುದಿತ್ತಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅದು ಐವತ್ತೇಳನೇ ಇಸವಿಯ ಆಷಾಢ, ಧೂಳೆಬ್ಬಿಸುವ ಗಾಳಿ. ಮಧ್ಯಾಹ್ನದ ಊಟವಾಗಿ ಎಲ್ಲರೂ ಮತ್ತೆ ಕೆಲಸಕ್ಕೆ ತಿರುಗಿದ್ದರು. ಮಾವ ಸೈನೈಡ್ ಡ್ರಮ್ಮು ಬಗ್ಗಿಸಿ ಖಾಲಿಮಾಡಿ ಕೈಗವಸು ಬಿಚ್ಚಿದ. ಬಿಚ್ಚುವಾಗ ಗವಸಿನ ಹೊರಮೈಗೆ ಅಂಟಿದ್ದ ಪುಡಿ ಅಂಗೈಗೆ ತಾಗಿತು. ನಲ್ಲಿ ಹತ್ತಿರವೇ ಇತ್ತು, ಆದರೆ ಸುಣ್ಣ ಅದಕ್ಕಿಂತ ಹತ್ತಿರವಿತ್ತು. ಹೊಗೆಸೊಪ್ಪು ತಿಕ್ಕಿ ತುಟಿಗಿಟ್ಟುಕೊಂಡು ಬಾಗಿಲ ಕಡೆ ನಡೆದ. ಬಾಗಿಲಲ್ಲಿ ಜೊತೆಯ ಕೆಲಸಗಾರ ಪೆರುಮಾಳ್ ನಿಂತಿದ್ದ.

"ಅಣ್ಣಾ, ತಲೆ ಒಂಥರಾ ಆಯ್ತದೆ" ಎಂದು ಅವನ ಭುಜದ ಮೇಲೆ ಕೈಯಿಟ್ಟ ಮಾವ, ಹಾಗೇ ಜಾರಿ ಬಿದ್ದ.

"ಜಯರಾಮಪ್ಪ ಬಿದ್ದ!" ಎಂಬ ಕೂಗು ಔಷಧಿ ಕೋಣೆಗೆ ಕೇಳಿಸಿತು. ಕುಪ್ಪುಸ್ವಾಮಿ ಒಬ್ಬನನ್ನು ಡಾಕ್ಟರಿಗೆ ಫೋನು ಮಾಡಲು ಅಟ್ಟಿ ಓಡಿದರು. ಅವರ ಹಿಂದೆ ಅಮ್ಮ, ಸೂಜಿ ಕುದಿಸುತ್ತಿದ್ದ ಒದ್ದೆ ಕೈಯಲ್ಲೇ, ಸೆರಗು ಗಾಳಿಗೆ ಹಾರಿಸಿಕೊಂಡು. ಅಷ್ಟರಲ್ಲಿ ಪೆರುಮಾಳ್ ಮಾವನನ್ನು ಹೊರಗೆ ಬಯಲಿಗೆ ಎಳೆದು ತಂದು, ಬಾಯಿಯೊಳಗಿನ ಹೊಗೆಸೊಪ್ಪನ್ನು ಬೆರಳು ಹಾಕಿ ತೆಗೆದಿದ್ದ. ಮಾವನ ಮುಖ ದಾಸವಾಳದಂತೆ ಕೆಂಪಾಗಿತ್ತು. ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದವನು, ಅಮ್ಮ ಹತ್ತಿರ ಬರುವ ಹೊತ್ತಿಗೆ ಕೈಕಾಲು ಸೆಟೆದು ಹಲ್ಲು ಕಚ್ಚಿದ.

ಸುತ್ತ ಜನ ಸೇರಿದರು. ಎಲ್ಲರೂ ಮಾವನನ್ನು ಉಳಿಸಬೇಕೆಂದು ಬಂದವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಕೈಗೆ ಬೀಗದ ಕೈ ಗೊಂಚಲು ಕೊಡಿ ಅಂದ. ಇನ್ನೊಬ್ಬ ಸಗಣಿ ನೀರು ತರಲು ಓಡಿದ. ವಿಷ ಹೊಟ್ಟೆಗೆ ಹೋಗಿದೆ, ವಾಂತಿ ಮಾಡಿಸಿ, ಬಾಯಿಗೆ ಹುಣಿಸೆ ನೀರು ಹುಯ್ಯಿ ಎಂದು ಎಲ್ಲರದೂ ಒಂದೇ ಕೂಗು. ಊರಿನಲ್ಲಿ ವಿಷ ಕುಡಿದವರಿಗೆ ಹಾಗೆಯೇ ಅಲ್ಲವೇ ಮಾಡುವುದು? ಯಾರದೋ ಊಟದ ಕ್ಯಾರಿಯರ್‌ನಲ್ಲಿದ್ದ ಹುಣಿಸೆಹಣ್ಣಿನ ಸಾರು ಲೋಟಕ್ಕೆ ಬಂತು.

ಕುಪ್ಪುಸ್ವಾಮಿ ಯಾರ ಮಾತಿಗೂ ಕಿವಿಗೊಡದೆ ಗೋಡೆಯ ಪೆಟ್ಟಿಗೆ ಕಿತ್ತು ತಂದರು. ಮಂಡಿಯೂರಿ, ಬುಡ್ಡಿಯನ್ನು ಕರವಸ್ತ್ರದಲ್ಲಿ ಹಿಸುಕಿ ಮಾವನ ಮೂಗಿಗೆ ಹಿಡಿದರು. ತೆಗೆದರು, ಮತ್ತೆ ಹಿಡಿದರು. ಮಾವನ ಸೆಟೆದ ಕೈ ಸ್ವಲ್ಪ ಸಡಿಲವಾಯಿತು. ಇನ್ನೊಂದು ಬುಡ್ಡಿ ಒಡೆದರು. ಗಾಳಿ ಬಲವಾಗಿ ಬೀಸುತ್ತಿತ್ತು, ಔಷಧಿ ಹಾರಿಹೋಗದಿರಲೆಂದು ಅವರು ತಮ್ಮ ಮುಖವನ್ನು ಮಾವನ ಮುಖಕ್ಕೆ ಅಡ್ಡಲಾಗಿ ಬಗ್ಗಿಸಿಕೊಂಡರು. ಎಡವಟ್ಟಾಗಿದ್ದು ಅಲ್ಲೇ. ಔಷಧಿಯ ಗಾಳಿ ಅವರ ಮೂಗಿಗೇ ನುಗ್ಗಿತು. ಮುಖ ಕೆಂಪೇರಿತು, ಕಣ್ಣು ತೇಲಿತು, ಡ್ರೆಸ್ಸರ್ ಕುಪ್ಪುಸ್ವಾಮಿ ಪಕ್ಕಕ್ಕೆ ವಾಲಿ ಕುಕ್ಕರಿಸಿದರು.

"ಅಯ್ಯೋ! ವಿಸ ಡ್ರೆಸ್ಸರ್‌ಗೂ ಏರ್ತು!"

ಜನ ದಡದಡನೆ ಹಿಂದಕ್ಕೆ ಸರಿದರು. ಬಿದ್ದವನ ಉಸಿರಿನಿಂದ ವಿಷ ಹಾರುತ್ತಿದೆ ಎಂದು ಯಾರೋ ಕೂಗಿದರು. ಮುಖ ಕೆಂಪಾಗಿದೆ, ನೋಡಿ, ಅವನದೂ ಹಾಗೇ ಆಗಿತ್ತು! ನಾಲ್ಕು ಜನ ಧೈರ್ಯ ಮಾಡಿ ಕುಪ್ಪುಸ್ವಾಮಿಯನ್ನು ದೂರ ಎಳೆದೊಯ್ದರು. ಸಗಣಿ ನೀರು ತಂದಿದ್ದವನು ತಂದಿದ್ದನ್ನು ಅವರ ಬಾಯಿಗೇ ಹುಯ್ದ. ಬಡಪಾಯಿ ಡ್ರೆಸ್ಸರ್! ತಲೆ ತಿರುಗುವಾಗ ಬೇಡ ಅನ್ನಲೂ ಆಗದೆ ಅರ್ಧ ಚೊಂಬು ಕುಡಿದು ತಮ್ಮ ಬಿಳಿ ಅಂಗಿಯ ಮೇಲೆಯೇ ಕಕ್ಕಿಕೊಂಡರು.

ಇತ್ತ ಮಾವ ಬಯಲಿನಲ್ಲಿ ಒಬ್ಬನೇ. ಕರವಸ್ತ್ರ ಅವನ ಎದೆಯ ಮೇಲೆ ಬಿದ್ದಿತ್ತು.

ಅಷ್ಟೂ ಜನರ ನಡುವೆ ಆ ಕೆಂಪು ಮುಖ ಎಂಥದ್ದೆಂದು ಗೊತ್ತಿದ್ದವಳು ಒಬ್ಬಳೇ. ಪೊರಕೆಯ ಸಮೇತ ನೆಲಕ್ಕೆ ಕುಸಿದವಳು. ಅಮ್ಮ ಎಗರಿ ಹೋಗಿ ಮಾವನ ತಲೆಯ ಬಳಿ ಬಿದ್ದಳು. ಪೆಟ್ಟಿಗೆಯಿಂದ ಬುಡ್ಡಿ ತೆಗೆದು ಹಿಸುಕಿದಳು, ಮೂಗಿಗೆ ಹಿಡಿದಳು, ತನ್ನ ಮುಖವನ್ನು ಗಾಳಿ ಬರುವ ಕಡೆಗೆ ತಿರುಗಿಸಿಕೊಂಡಳು. "ಉಸಿರು ಎಳ್ಕೊಳ್ಲಾ! ಎಳ್ಕೊಳ್ಲಾ ಮುಂಡೇದೇ!"

ಆಗ ಪೆರುಮಾಳ್ ಲೋಟ ಹಿಡಿದು ಓಡಿ ಬಂದ. ಅವನು ಹೆದರಿ ಹಿಂದೆ ಸರಿದವನಲ್ಲ, ಮಾವನನ್ನು ಕಂಡರೆ ಅವನಿಗೆ ಪ್ರಾಣ. "ತಳ್ಳಮ್ಮಾ, ಬಾಯಿಗೆ ಹುಣಿಸೆ ನೀರು ಹಾಕ್ತೀನಿ, ವಿಷ ಕಕ್ಕಲಿ!" ಎಂದು ಮಾವನ ದವಡೆಗೆ ಕೈ ಹಾಕಿದ. ಅಮ್ಮನ ಎರಡು ಕೈಗೂ ಕೆಲಸವಿತ್ತು. ಉಳಿದದ್ದು ಬಾಯಿ. ಅವಳು ಬಗ್ಗಿ ಪೆರುಮಾಳನ ಮಣಿಕಟ್ಟನ್ನು ಕಚ್ಚಿದಳು. ಸುಮ್ಮನೆ ಅಲ್ಲ, ರಕ್ತ ಬರುವ ಹಾಗೆ. ಲೋಟ ಎಲ್ಲೋ ಹೋಯಿತು, ಸಾರು ಮಣ್ಣು ಸೇರಿತು.

"ಆ ಬಾಗ್ಲು ಮುಚ್ಚೈತೆ ಕಣಣ್ಣಾ! ಗ್ಯಾನ ಇಲ್ದೋನಿಗೆ ನೀರು ಉಯ್ದ್ರೆ ಉಸಿರಿಗೇ ಓಗ್ತದೆ ಅಂತ ಸಾಮಿ ಏಳಿಲ್ವಾ? ಕಿಟ್ಕಿ ಒಂದೇ ಇರಾದು!"

ಅಷ್ಟರಲ್ಲಿ ಆ ಕಿಟಕಿಯೂ ಮುಚ್ಚತೊಡಗಿತು. ಮಾವನ ಉಸಿರು ಒಂದು ಬಂದರೆ ಇನ್ನೊಂದು ಬರಲು ಹೊತ್ತು ಹಿಡಿಯುತ್ತಿತ್ತು. ಆಮೇಲೆ ಬರಲೇ ಇಲ್ಲ. ಮೂಗಿಗೆ ಹಿಡಿದ ಔಷಧಿ ಒಳಗೆ ಹೋಗಬೇಕಾದರೆ ಎಳೆದುಕೊಳ್ಳುವವನು ಬೇಕಲ್ಲ! ಅಮ್ಮ ಬೊಬ್ಬೆ ಹೊಡೆದಳು. "ಪೆರುಮಾಳಣ್ಣಾ, ಉಸಿರು ಒತ್ತು! ಪಂದ್ಯದಾಗೆ ಒತ್ತಿದ್ಯಲ್ಲ, ಒತ್ತು!"

ಪೆರುಮಾಳ್ ಗಣಿಗಳ ಪ್ರಥಮ ಚಿಕಿತ್ಸೆಯ ಪಂದ್ಯದಲ್ಲಿ ಕಪ್ಪು ಗೆದ್ದ ತಂಡದವನು. ಆ ಗದ್ದಲದಲ್ಲಿ ಅವನಿಗೇ ಅದು ಮರೆತುಹೋಗಿತ್ತು. ಈಗ ರಕ್ತ ಸುರಿಯುವ ಕೈಯಲ್ಲೇ ಮಾವನನ್ನು ಬೋರಲು ಮಲಗಿಸಿ, ತಲೆ ಒಂದು ಮಗ್ಗುಲಿಗೆ ತಿರುಗಿಸಿ, ಬೆನ್ನಿನ ಮೇಲೆ ಎರಡೂ ಅಂಗೈ ಇಟ್ಟು ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ. ಅಮ್ಮ ಮಣ್ಣಿನಲ್ಲಿ ಹೊಟ್ಟೆ ಮೇಲೆ ಮಲಗಿ, ಅವನು ಬಿಟ್ಟಾಗಲೆಲ್ಲ ಬಟ್ಟೆಯನ್ನು ಮೂಗಿಗೆ ತಂದಳು. ಬುಡ್ಡಿ ಸಪ್ಪೆಯಾದರೆ ಇನ್ನೊಂದು ಒಡೆದಳು. ಗಾಜು ಬಟ್ಟೆ ಹರಿದು ಬೆರಳಿಗೆ ಚುಚ್ಚಿದ್ದು ಅವಳಿಗೆ ತಿಳಿಯಲಿಲ್ಲ. ಬಾಯಿಗೆ ಮಾತ್ರ ಬಿಡುವಿಲ್ಲ. "ಸಾಯ್ಬೇಡ್ಲಾ. ಸತ್ತೀಯ ಅಂದ್ರೆ ಕೊಂದಾಕ್ಬಿಡ್ತೀನಿ. ಅಮ್ಮಂಗೆ ಏನ್ಲಾ ಏಳ್ಲಿ ನಾನು? ಸುಣ್ಣ ತಿನ್ನೋ ನಾಯಿ! ಎದ್ದೇಳ್ಲಾ!"

ಲೈನಿನ ಹೆಂಗಸರು, ಮಿಲ್ಲಿನ ಗಂಡಸರು, ಎಲ್ಲರೂ ಸುತ್ತ ನಿಂತು ಈಗ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಯಾರೋ ಪೆರುಮಾಳನ ಒತ್ತಿಗೆ ಸರಿಯಾಗಿ "ಹಾಂ... ಹಾಂ..." ಅನ್ನತೊಡಗಿದರು. ಎಲ್ಲರೂ ಸೇರಿಕೊಂಡರು. ಇಡೀ ಬಯಲೇ ಮಾವನಿಗಾಗಿ ಉಸಿರಾಡಿತು ಎಂದು ಪೆರುಮಾಳ್ ಹೇಳುತ್ತಿದ್ದ.

ಆಸ್ಪತ್ರೆಯ ವ್ಯಾನು ಧೂಳೆಬ್ಬಿಸಿಕೊಂಡು ಬಂತು. ಡಾಕ್ಟರು ಇಳಿದವರೇ ಒಂದು ಸಲ ಮಾವನನ್ನು, ಒಂದು ಸಲ ಅಮ್ಮನ ಕೈಯ ಬಟ್ಟೆಯನ್ನು ನೋಡಿ, "ನಿಲ್ಲಿಸಬೇಡಿ, ಇಬ್ಬರೂ ಹಾಗೇ ಇರಿ" ಎಂದರು. ಮಾವನ ತೋಳಿಗೆ ಪಟ್ಟಿ ಬಿಗಿದು, ಮೊಣಕೈ ಮಡಿಕೆಯಲ್ಲಿ ನರ ಹುಡುಕಿದರು. ನರ ದಾರದಷ್ಟು ಸಣ್ಣಗಾಗಿತ್ತು. ಒಂದು ಸಲ ಚುಚ್ಚಿದರು, ಸಿಗಲಿಲ್ಲ. ಎರಡನೇ ಸಲ ಸೂಜಿಯೊಳಗೆ ಕೆಂಪಗೆ ರಕ್ತ ಕಂಡಿತು. ಆಗ ನಿಧಾನವಾಗಿ, ಎಷ್ಟು ನಿಧಾನವೆಂದರೆ ಅಮ್ಮನಿಗೆ ಡಾಕ್ಟರನ್ನೂ ಕಚ್ಚಬೇಕು ಅನ್ನಿಸುವಷ್ಟು ನಿಧಾನವಾಗಿ, ಔಷಧಿಯನ್ನು ಬಿಟ್ಟರು. ಅದು ಮುಗಿದ ಮೇಲೆ ಇನ್ನೊಂದು, ಅದಕ್ಕಿಂತ ದೊಡ್ಡ ಸಿರಿಂಜು.

ಪೆರುಮಾಳ್ ಒತ್ತಿ ಬಿಟ್ಟ. ಮತ್ತೆ ಒತ್ತಲು ಬಗ್ಗಿದವನು ಹಾಗೇ ನಿಂತ. ಅವನ ಅಂಗೈ ಕೆಳಗೆ ಬೆನ್ನು ತಾನಾಗಿಯೇ ಮೇಲೆದ್ದಿತ್ತು!

ಇನ್ನೊಂದು ಉಸಿರು ಬಂತು. ಮತ್ತೊಂದು. ಮಾವ ಕೆಮ್ಮಿದ, ವಾಂತಿ ಮಾಡಿದ, ಕಣ್ಣು ಅರ್ಧ ತೆರೆದ. ತುಟಿ ಅಲ್ಲಾಡಿತು. ಅಮ್ಮ ಕಿವಿಯನ್ನು ಅವನ ಬಾಯಿಗೆ ತಂದಳು.

"ಅಕ್ಕಾ," ಎಂದ ಮಾವ, "ಬೈಬ್ಯಾಡ."

ಅಮ್ಮ ಅವನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಗೊಳೋ ಎಂದು ಅತ್ತಳು. ಅವಳು ಅತ್ತದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆಗ ಎದ್ದ ಜನರ ಕೂಗು ನಮ್ಮ ಶಾಲೆಯವರೆಗೂ ಕೇಳಿಸಿತು. ಚಿನ್ನದ ದೊಡ್ಡ ಗಟ್ಟಿಯೇ ಸಿಕ್ಕಿತೇನೋ ಎಂದು ನಮ್ಮ ಮೇಷ್ಟ್ರು ಕಿಟಕಿಯಿಂದ ಇಣುಕಿದರು. ನಮ್ಮಮ್ಮ ಯಮನ ಕೈಯಿಂದ ತಮ್ಮನನ್ನು ಕಿತ್ತುಕೊಂಡಿದ್ದಳು.

ಆ ದಿನದ ಕತೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಹೇಳಿದವನು ಯಾರು ಗೊತ್ತೇ? ಮಾವ. ಪ್ರಜ್ಞೆಯೇ ಇಲ್ಲದೆ ಬಿದ್ದಿದ್ದವನು ಅದನ್ನು ಕಣ್ಣಾರೆ ಕಂಡವನ ಹಾಗೆ ಕೈ ಆಡಿಸಿ ಹೇಳುತ್ತಿದ್ದ. ಕುಪ್ಪುಸ್ವಾಮಿ ಕುಡಿದದ್ದರ ವಿಷಯ ಬಂದಾಗ ಮಾತ್ರ, ಡ್ರೆಸ್ಸರ್ ಇದ್ದಾರೋ ಎಂದು ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಿದ್ದ.

ಮಾವ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಅಜ್ಜಿ ಬಂದಳು. ಕಾಮಸಮುದ್ರದಿಂದ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ಕೋರಮಂಡಲ್‌ಗೆ ರೈಲು. ದಾರಿಯುದ್ದಕ್ಕೂ ಮಗ ಸತ್ತನೆಂದೇ ಅಂದುಕೊಂಡು ಬಂದಿದ್ದಳು. ಹಾಸಿಗೆಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದ ಮಗನನ್ನು ನೋಡಿ, ಗಾಜಿನಿಂದ ಕೊಯ್ದ ಮಗಳ ಬೆರಳುಗಳನ್ನು ನೋಡಿ, ಅಮ್ಮನ ಕೈ ಹಿಡಿದುಕೊಂಡಳು. ಆಮೇಲೆ ಮಗನಿಗೆ ಹೇಳಿದಳು, "ನಡಿ ಊರಿಗೆ. ರಾಗಿ ಅಂಬಲಿ ಕುಡ್ಕೊಂಡಿರಾನ."

"ಇಲ್ಲಮ್ಮ, ಇನ್ನೇನು ಬಯ ಇಲ್ಲ. ಅಕ್ಕ ಇದಾಳಲ್ಲ" ಎಂದ ಮಾವ.

ಆ ಮಾತಿಗೆ ಅಜ್ಜಿಗೆ ಸಮಾಧಾನವಾಯಿತು. ಅಮ್ಮನಿಗೆ ಮಾತ್ರ ಆ ಮಾತೇ ಮುಳ್ಳಾಯಿತು. ಮನೆಗೆ ಬಂದು ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ಅಂದಳು, "ಅಕ್ಕ ಇದಾಳಂತೆ. ಅಕ್ಕ ಅವತ್ತು ನೀರಿಗೋಗಿದ್ರೆ? ರಜಾ ಆಕಿದ್ರೆ?"

ಮಾರನೇ ದಿನವೇ ಮೇಸ್ತ್ರಿಯ ಮುಂದೆ ನಿಂತಳು. ತಮ್ಮನ ಶಿಫ್ಟು ಯಾವುದೋ ತನ್ನದೂ ಅದೇ ಆಗಬೇಕು. ಹಾಗೆಲ್ಲ ಆಗುವುದಿಲ್ಲವೆಂದು ಮೇಸ್ತ್ರಿ ಹೇಳಿದ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ. ಅಮ್ಮ ಅವನನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ, ಅವನ ಮನೆಯ ಬಾಗಿಲಲ್ಲೂ ಬಿಡದೆ ಹಿಡಿದಳು. ಆಯಿತು, ಹೋಗು ತಾಯಿ ಎಂದು ಕೊನೆಗೆ ಅವನೇ ಕೈ ಮುಗಿದ. ಬಂಗಾರಪೇಟೆಯ ಸಂತೆಯಿಂದ ಸುಣ್ಣ ತಂದು ನಲ್ಲಿಯ ಪಕ್ಕ, ಸೋಪಿನ ಹತ್ತಿರ, ಡಬ್ಬದಲ್ಲಿಟ್ಟಳು. ಸುಣ್ಣ ಬೇಕಾದವನು ಇನ್ನು ಮೊದಲು ನಲ್ಲಿಗೆ ಬರಬೇಕು. ಬಿಡುವಿನ ಹೊತ್ತಿಗೆ ಸೈನೈಡ್ ವಿಭಾಗದ ಬಾಗಿಲಲ್ಲಿ ನಿಂತು ಹೊರಬಂದವರೆಲ್ಲರ ಕೈ ಮೂಸಿ ನೋಡುತ್ತಿದ್ದಳು. ಸೋಪಿನ ವಾಸನೆ ಇಲ್ಲದಿದ್ದರೆ ವಾಪಸ್ಸು. ಗಂಡಸರು ಮೊದಮೊದಲು ಗೊಣಗಿದರು, ಆಮೇಲೆ ತಾವಾಗಿಯೇ ಅಂಗೈ ಚಾಚತೊಡಗಿದರು. ವರ್ಷಗಳು ಹೀಗೇ ಹೋದವು. ಮಿಲ್ಲಿನಲ್ಲಿ ಮತ್ತೆ ಯಾರೂ ಹಾಗೆ ಬೀಳಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅಮ್ಮ ಯಾವ ಹೊತ್ತಿಗೆ ಇರುತ್ತಾಳೆ ಎಂದು ನಮಗೇ ಗೊತ್ತಿರುತ್ತಿರಲಿಲ್ಲ. ನೆಂಟರ ಮದುವೆಗಳಿಗೆ ಅಪ್ಪನೂ ನಾನೂ ಇಬ್ಬರೇ ಹೋಗುತ್ತಿದ್ದೆವು. ಮಾವನಿಗೆ ರಜಾ ಇದ್ದರೆ ಅವಳಿಗೂ ರಜಾ, ಇಲ್ಲದಿದ್ದರೆ ಇಲ್ಲ. ನನಗೆ ಅದರ ಮೇಲೆ ಬಹಳ ಸಿಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಅರವತ್ತೈದರ ಸುಮಾರಿಗೆ ಮಾವನನ್ನು ವರ್ಕ್‌ಶಾಪಿಗೆ ಹಾಕಿದರು. ಅಲ್ಲಿ ಕಬ್ಬಿಣ ಬಿಟ್ಟರೆ ಇನ್ನೇನಿಲ್ಲ. ಸುದ್ದಿ ತಿಳಿದ ದಿನವೇ ಅಮ್ಮ ಕುಪ್ಪುಸ್ವಾಮಿಯ ಮೇಜಿನ ಮೇಲೆ ಬೀರುವಿನ ಕೀಲಿ ಇಟ್ಟಳು.

"ನಾಳೆಯಿಂದ ಬರಲ್ಲ ಸಾಮಿ."

"ಏನಮ್ಮಾ ಇದು? ಇನ್ನೂ ಎಷ್ಟೋ ವರ್ಷ ಸರ್ವೀಸ್ ಇದೆ. ಕೆಲಸ ಯಾರಾದ್ರೂ ಬಿಡ್ತಾರಾ?"

"ಕೆಲ್ಸಕ್ಕೆ ನಾನು ಯಾವತ್ತು ಬಂದಿದ್ದೆ? ಇಷ್ಟು ವರ್ಸ ನನ್ನ ತಮ್ಮನ್ನ ಕಾಯಾಕೆ ಬತ್ತಿದ್ದೆ. ಅವನು ಒಂಟೋದ. ನಂಗೂ ಸಾಕು, ಕಾಲು ನೋಯ್ತವೆ."

ಕುಪ್ಪುಸ್ವಾಮಿಗೆ ಆಗಲೇ ತಲೆ ನರೆತಿತ್ತು. ಅವರು ಕೀಲಿಯನ್ನು ಮುಟ್ಟಲಿಲ್ಲ. "ಸರಿಯಮ್ಮಾ" ಎಂದರು. "ಜಯರಾಮನ ಜಾಗಕ್ಕೆ ಆರುಮುಗಂ ಅಂತ ಒಬ್ಬನ್ನ ಹಾಕಿದಾರೆ. ಅವನಿಗೂ ಒಬ್ಬಳು ಅಕ್ಕ ಇದಾಳೆ."

"ಇರ್ಲಿ. ನಂಗೇನು?"

"ಅವಳು ದೂರ, ತಿರುಪ್ಪತ್ತೂರಲ್ಲಿದಾಳೆ."

ಅಮ್ಮ ಅವರನ್ನು ದುರುಗುಟ್ಟಿ ನೋಡಿದಳು. ಕೀಲಿ ಅಲ್ಲೇ ಬಿಟ್ಟು ಬಂದಳು. ಮನೆಗೆ ಬಂದು ಪಾತ್ರೆಗಳನ್ನು ಬಡಿದಳು, ಕುಪ್ಪುಸ್ವಾಮಿಯ ವಂಶವನ್ನೆಲ್ಲ ಬೈದಳು, "ನಾನೇನು ಊರಿಗೆಲ್ಲ ಅಕ್ಕನಾ?" ಎಂದು ನನ್ನನ್ನು ಕೇಳಿದಳು. ನಾನು ಅಲ್ಲ ಎಂದೆ. ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದ ಮಾತು, ಗಟ್ಟಿಯಾಗಿಯೇ ಹೇಳಿದೆ. ಅವಳಿಗೆ ಅದೂ ಹಿಡಿಸಲಿಲ್ಲ.

ಬೆಳಗ್ಗೆ ನಾನು ಏಳುವ ಹೊತ್ತಿಗೆ ಅಮ್ಮನ ಕೆಲಸದ ಸೀರೆ ಗೂಟದಲ್ಲಿರಲಿಲ್ಲ.

ಆಮೇಲೆ ನಡೆದದ್ದನ್ನು ಪೆರುಮಾಳ್ ಹೇಳಿದ. ಬಿಡುವಿನ ಹೊತ್ತಿಗೆ ಆರುಮುಗಂ ಶಿಳ್ಳೆ ಹಾಕಿಕೊಂಡು ಬಾಗಿಲಿಂದ ಹೊರಬಂದನಂತೆ. ಎದುರಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಬ್ಬಳು ಹೆಂಗಸು ಅಡ್ಡ ನಿಂತಿದ್ದಾಳೆ.

"ನಿಲ್ಲಲಾ. ಕೈ ತೋರ್ಸು."

ಆರುಮುಗಂ ಕಕ್ಕಾಬಿಕ್ಕಿಯಾಗಿ ಪೆರುಮಾಳನ ಕಡೆ ತಿರುಗಿ, ಇದ್ಯಾರು ಈಯಮ್ಮ ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದ.

"ನಿಮ್ಮಕ್ಕ" ಎಂದ ಪೆರುಮಾಳ್. "ಕೈ ತೋರಿಸು."

ಅವನು ಎರಡೂ ಕೈ ಮುಂದೆ ಚಾಚಿದ.